ವೀಲು ಶೆಟ್ರು

ಬೊಜ್ಜದ ಊಟದಲ್ಲಿ ಪಕ್ಕದ ಎಲೆಗೆ ಶೆಟ್ರು ಕೂತರೆಂದರೆ ನನಗೆ ಪಾಯಸ ಗಂಟಲಲ್ಲಿ ಇಳಿಯುವುದಿಲ್ಲ. ಸತ್ತವರ ಗುಣಗಾನ ಮುಗಿಯುವ ಮೊದಲೇ ಕಿವಿಯಲ್ಲಿ, "ವೀಲು ಮಾಡಿಟ್ಟಿದ್ರಾ ಮಾರಾಯ್ರೇ?" ನಾಮಿನಿ ಇದ್ದಾರಂತೆ ಎಂದಿರೋ, ಕೆಟ್ಟಿರಿ. ಬ್ಯಾಂಕಿನಲ್ಲಿ ಸವೆದ ಜೀವ. ಠೇವಣಿಗೆ ನಾಮಿನಿ ಎಂದರೆ ಹಣ ತೆಗೆದುಕೊಳ್ಳುವವ ಮಾತ್ರ, ಒಡೆಯನಲ್ಲ, 2010ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ ಎಂದು ಮಜ್ಜಿಗೆ ಬರುವತನಕ ಬಿಡರು.

ನಂತೂರು ಸರ್ಕಲ್ಲಿನಲ್ಲಿ ಕಾರೊಂದು ಸ್ಕೂಟರಿಗೆ ತಾಗಿ ನನ್ನ ಕಾಲು ಮುರಿದಾಗ ಬಂದವರೆಲ್ಲ ಮೂಸಂಬಿ ತಂದರು. ಶೆಟ್ರು ತಂದದ್ದು ಕ್ಯಾಲ್ಕುಲೇಟರು. "ಎಫ್‌ಐಆರ್ ಆಯ್ತಾ? ವೂಂಡ್ ಸರ್ಟಿಫಿಕೇಟ್? ಮದ್ದಿನ ಬಿಲ್ಲು ಒಂದೂ ಬಿಸಾಡಬೇಡಿ. ಟ್ರಿಬ್ಯೂನಲ್ಲಿಗೆ ಆರು ತಿಂಗಳೊಳಗೆ ಅರ್ಜಿ ಹೋಗ್ಬೇಕು, 2022ರಿಂದ ಗಡುವು ಉಂಟು." ನರಳುತ್ತಿದ್ದವನ ವಯಸ್ಸು ಕೇಳಿದರು. ಐವತ್ತು ಎಂದೆ. "ಬಚಾವು! ಸರಳಾ ವರ್ಮ ತೀರ್ಪಿನ ಪ್ರಕಾರ ಪರಿಹಾರದ ಗುಣಕ 13. ಬರುವ ವರ್ಷ ಬಿದ್ದಿದ್ರೆ ಬರೀ 11." ಆಮೇಲೆ ಡಾಕ್ಟರನ್ನು ಕಾರಿಡಾರಿನಲ್ಲಿ ಅಡ್ಡಹಾಕಿ, ಶಾಶ್ವತ ಊನ ಶೇಕಡಾ ಎಷ್ಟಾದೀತು ಎಂದು ವಿಚಾರಿಸಿದರು. ಊನವೇ ಉಳಿಯುವುದಿಲ್ಲವಂತೆ! ಆ ಮುಖ ನೋಡಲಾಗದೆ ನನ್ನ ಹೆಂಡತಿಯೇ ಅವರಿಗೆ ಚಾ ಕೊಟ್ಟು ಸಮಾಧಾನ ಮಾಡಿದಳು. ವಿಮೆಯ ಹಣ ಬಂದದ್ದೇನೋ ಅವರು ಬಿಸ್ಕಿಟ್ ಡಬ್ಬಿಯಲ್ಲಿ ಕೂಡಿಟ್ಟ ಬಿಲ್ಲುಗಳಿಂದಲೇ. ಅದನ್ನು ಅವರೆದುರು ಒಪ್ಪಿಕೊಳ್ಳುವ ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.

ಯಾವ ಕಾಗದಕ್ಕೂ ಮೂರು ಜೆರಾಕ್ಸ್, ಮದುಮಗಳ ಕೈಗೆ ಉಡುಗೊರೆ ಲಕೋಟೆಯ ಜೊತೆ ನಾಮಿನೇಷನ್ ಫಾರ್ಮು, ಇವೆಲ್ಲ ಸಹಿಸಬಹುದು.

ಯಾಕೆಂದರೆ ಶೆಟ್ರ ಈ ಹುಚ್ಚಿಗೆ ಮೂಲ ಉಂಟು. ಅವರ ಅಮ್ಮನ ಮನೆಯದು ಅಳಿಯಕಟ್ಟಿನ ಆಸ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೂ, ತೀರಿಹೋದ ಸೋದರಮಾವನ ಪಾಲು ಅಳಿಯಂದಿರಿಗೋ ಹೆಂಡತಿ ಮಕ್ಕಳಿಗೋ ಎಂದು ಜಗಳ. ಮಾವ ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು, ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ, ಅವರಿಂದಲೂ ಸಹಿ ಹಾಕಿಸಿದ್ದರೆ ಆಗುತ್ತಿತ್ತು. ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬರೆಯಲಿಲ್ಲ. ದಾವೆ ಮುಗಿಯುವಾಗ ಮಾಡಿನ ಹಂಚು ಜಾರಿತ್ತು. ಈಗ ಕುಟುಂಬದವರು ನಾಗತಂಬಿಲಕ್ಕೆ ಬರುತ್ತಾರೆ, ಒಬ್ಬರು ಹೋದ ಮೇಲೆ ಇನ್ನೊಬ್ಬರು. ಶೆಟ್ರು ಮಾತ್ರ ಬೆಳಗ್ಗಿನಿಂದ ಅಲ್ಲೇ ನಿಂತು ಎಲ್ಲರಿಗೂ ಪ್ರಸಾದ ಕೊಡುತ್ತಾರೆ. ಅಲ್ಲಿ ವೀಲಿನ ಸುದ್ದಿ ಎತ್ತುವುದಿಲ್ಲ.

ಅವರ ವೀಲಿಗೆ ಸಾಕ್ಷಿ ಹಾಕಲು ಮೊನ್ನೆ ನಾನೇ ಮುಂದಾದೆ. ತಲೆಯಿಂದ ಕಾಲಿನವರೆಗೆ ನೋಡಿದರು.

"ಬೇಡ ಮಾರಾಯ್ರೇ. ಸಾಕ್ಷಿ ಹಾಕಿದವ ನನ್ನಿಂದ ಮತ್ತೆಯೂ ಬದುಕಿರ್ಬೇಕು. ನೀವು ಅದೇ ಸ್ಕೂಟರಲ್ಲಿ ಅದೇ ನಂತೂರಿಗೆ ಹೋಗ್ತೀರಲ್ಲ!"