ಇಲ್ಲೇ ಎಲ್ಲೋ ಇರಬೇಕು

2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಬರೆದವರು ಮಹಾ ಆಶಾವಾದಿಗಳು. ಪ್ರತಿ ಸರ್ಕಾರಿ ಕಚೇರಿಯೂ ತನ್ನ ದಾಖಲೆಗಳನ್ನೆಲ್ಲ ಪಟ್ಟಿ ಮಾಡಿ, ಸೂಚಿ ಸಮೇತ ಇಡತಕ್ಕದ್ದು ಎಂದು 4ನೇ ಸೆಕ್ಷನ್ನಿನಲ್ಲೇ ಹೇಳಿಬಿಟ್ಟರು. ಕಚೇರಿಗಳೇನೂ ಕಾನೂನು ಮೀರಿಲ್ಲ. ಸೂಚಿ ಇದೆ. ಅದು ರೆಕಾರ್ಡ್ ಕೀಪರ್ ತಲೆಯಲ್ಲಿದೆ, ಅವರು ಊಟಕ್ಕೆ ಹೋಗಿದ್ದಾರೆ.

ಅಕಾರಾದಿಯಲ್ಲಿ ಜೋಡಿಸಿದರೆ ಮುಗೀತಲ್ಲ ಎನ್ನುವವರು ನಮ್ಮ ಹೆಸರುಗಳನ್ನು ಸರಿಯಾಗಿ ನೋಡಿಲ್ಲ. ನಮ್ಮಲ್ಲಿ ಹೆಸರಿಗೆ ಮೊದಲೇ ಊರು ಬಂದು ಕೂತಿರುತ್ತದೆ, ಪಕ್ಕದಲ್ಲಿ ಅಪ್ಪ. ಇಬ್ಬರೂ ಇಂಗ್ಲಿಷ್ ವೇಷದಲ್ಲಿ. ಹಾಸನದ ನಂಜಪ್ಪನವರ ಮಗ ಮಂಜುನಾಥ ಎಂದಿಟ್ಟುಕೊಳ್ಳಿ. ಅವನ ಜಮೀನಿನ ಕಡತವನ್ನು ಒಬ್ಬ ಗುಮಾಸ್ತರು ‘ಎಚ್.ಎನ್.’ ಎಂದು ಬರೆದು ಎ-ಕಾರಕ್ಕೆ ಸೇರಿಸಿದರು. ಅವರ ಜಾಗಕ್ಕೆ ವರ್ಗವಾಗಿ ಬಂದವರು ‘ಹೆಚ್.ಯನ್.’ ಪಂಥದವರು, ಕಡತ ಹ-ಕಾರಕ್ಕೆ ವಲಸೆ ಹೋಯಿತು. ಮೂರನೆಯವರು ಇನಿಷಿಯಲ್ಲನ್ನೇ ಕಿತ್ತೆಸೆದು ‘ಮ’ ಕಪಾಟಿಗೆ ತಳ್ಳಿದರು. ನಾಲ್ಕನೆಯವರು ಸ್ವಲ್ಪ ಇಂಗ್ಲಿಷ್ ಓದಿಕೊಂಡವರು, ಎಬಿಸಿಡಿ ಲೆಕ್ಕ ಹಾಕಿ ಎಂಟನೇ ಗೂಡಿಗೆ ಏರಿಸಿದರು. ನಾಲ್ವರೂ ನಿಯಮದ ಪ್ರಕಾರವೇ ನಡೆದರು, ಮಂಜುನಾಥ ಮಾತ್ರ ಕಳೆದುಹೋದ. ಇನ್ನು ಕ್ಷಮಾ, ಜ್ಞಾನೇಶ್ ಎಂಬ ಹೆಸರಿಟ್ಟುಕೊಂಡವರು ಜಮೀನಿನ ಆಸೆ ಬಿಡುವುದೇ ಲೇಸು.

ವರ್ಗೀಕರಣಕ್ಕೇನೂ ಕೊರತೆಯಿಲ್ಲ. ‘ಎ’ ವರ್ಗದ ಕಡತ ಶಾಶ್ವತ, ‘ಇ’ ವರ್ಗದ್ದು ಒಂದು ವರ್ಷಕ್ಕೆ ನಾಶ. ಗೆದ್ದಲಿಗೆ ಈ ಸುತ್ತೋಲೆ ತಲುಪಿಲ್ಲ. ಹಾಗಾಗಿ ಜಮೀನು ಮಂಜೂರಾತಿಯ ಕಡತ ಮಣ್ಣಾಗಿದ್ದರೂ, ಎಂದೋ ಮುರಿದ ಕುರ್ಚಿಯ ರಿಪೇರಿಗೆ ತರಿಸಿದ ಕೊಟೇಷನ್ನು ಕೆಂಪು ಬಟ್ಟೆಯ ಗಂಟಿನಲ್ಲಿ ಗರಿಗರಿಯಾಗಿ ಸಿಗುತ್ತದೆ.

ರೆಕಾರ್ಡ್ ರೂಮಿನ ಬಾಗಿಲಲ್ಲಿ ನಡೆಯುವ ಸಂಭಾಷಣೆ ಎಲ್ಲ ತಾಲ್ಲೂಕಿನಲ್ಲೂ ಒಂದೇ.

“ಯಾವ ಇಸವಿದು ಯಜಮಾನ್ರೇ?”

“ಎಪ್ಪತ್ತೆಂಟು ಸ್ವಾಮಿ.”

“ಅಯ್ಯೋ, ಆಗ ಬಿಲ್ಡಿಂಗೇ ಬೇರೆ ಇತ್ತಲ್ಲ! ಇಲ್ಲೇ ಎಲ್ಲೋ ಇರಬೇಕು. ಮುಂದಿನ ವಾರ ಬನ್ನಿ.”

ನಾಲ್ಕು ಮುಂದಿನ ವಾರಗಳಾದ ಮೇಲೆ ಹಿಂಬರಹ ಬರುತ್ತದೆ: ‘ಸದರಿ ಕಡತವು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.’ ಇದರ ಕಚೇರಿ ಪ್ರತಿಯನ್ನು ಮಾತ್ರ ಯಾವಾಗ ಕೇಳಿದರೂ ಎರಡೇ ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಸಂಖ್ಯೆ, ದಿನಾಂಕ, ಮೊಹರು ಎಲ್ಲ ಸರಿಯಾಗಿರುತ್ತದೆ. ಇಲ್ಲದ ಕಡತಗಳನ್ನು ಇಷ್ಟು ಶಿಸ್ತಾಗಿ ಫೈಲ್ ಮಾಡುವ ವಿದ್ಯೆ ಬೇರೆ ಯಾವ ಗ್ರಂಥಾಲಯಕ್ಕೂ ಒಲಿದಿಲ್ಲ. ಅವಸರವಿದ್ದವರು ಗೇಟಿನಾಚೆಯ ಜೆರಾಕ್ಸ್ ಅಂಗಡಿಯಲ್ಲಿ ವಿಚಾರಿಸಿದರೆ, ಸಂಜೆಯೊಳಗೆ ಅದೇ ಕಡತ ಅದೇ ಗಂಟಿನಿಂದ ಹೊರಬರುವುದೂ ಉಂಟು. ಕಪಾಟಿನಲ್ಲಿ ಕಡತ ತಾನಾಗಿಯೇ ಕೈಗೆ ಸಿಗುವಂತಿದ್ದರೆ ಈ ಅಂಗಡಿಯವರ ಹೊಟ್ಟೆಪಾಡೇನು?

ಈಗ ‘ಭೂ ಸುರಕ್ಷಾ’ ಹೆಸರಿನಲ್ಲಿ ತಹಶೀಲ್ದಾರ್ ಕಚೇರಿಗಳ ಹಳೇ ದಾಖಲೆಗಳು ಸ್ಕ್ಯಾನ್ ಆಗುತ್ತಿವೆ. ಒಳ್ಳೆಯ ಕೆಲಸ, ತಡವಾಗಿಯಾದರೂ ಆಗುತ್ತಿದೆ. ಆದರೆ ಮೆಷಿನ್ನು ಪುಟದ ಚಿತ್ರ ಹಿಡಿಯುತ್ತದೆಯೇ ಹೊರತು, ಅದು ಯಾರ ಕಡತ ಎಂದು ತುಂಬುವವರು ಮನುಷ್ಯರೇ. ಶಾನುಭೋಗರ ವಕ್ರ ಕೈಬರಹ, ಮಾಸಿದ ಮಸಿ, ಸಂಜೆಯೊಳಗೆ ಇಷ್ಟು ಪುಟ ಮುಗಿಸಬೇಕೆಂಬ ಗುರಿ. ಗುತ್ತಿಗೆಯ ಹುಡುಗ ತಾನೇ ಏನು ಮಾಡಿಯಾನು? ಕಂಪ್ಯೂಟರಿನಲ್ಲೂ ‘ಇತರೆ’ ಎಂಬ ಕಾಲಂ ಇದ್ದೇ ಇರುತ್ತದಲ್ಲ.