ಗೃಹರುಜಾಪರಂಪರಾಶಾಸ್ತ್ರ: ಪ್ರಥಮಾಧ್ಯಾಯ

ಕನ್ನಡದಲ್ಲಿ ಚಿಕಿತ್ಸಾಗ್ರಂಥಗಳಿಗೆ ದಾರಿದ್ರ್ಯವಿಲ್ಲ. ೧೨ನೆಯ ಶತಮಾನದಲ್ಲೇ ಚಾಳುಕ್ಯ ಕೀರ್ತಿವರ್ಮನು ದನಕರುಗಳ ಹಿತಾರ್ಥವಾಗಿ ‘ಗೋವೈದ್ಯ’ವನ್ನು ರಚಿಸಿದನು, ೧೪ನೆಯದರಲ್ಲಿ ಮಂಗರಾಜನು ವಿಷಚಿಕಿತ್ಸೆಗಾಗಿ ‘ಖಗೇಂದ್ರಮಣಿದರ್ಪಣ’ವನ್ನು ನೀಡಿದನು. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವು ಶಿಶುವಿಗೇ ಮೀಸಲು. ಸುಶ್ರುತಸಂಹಿತೆಯ ಉತ್ತರತಂತ್ರವು ಸ್ಕಂದ, ರೇವತಿ, ಪೂತನೆ ಮೊದಲಾದ ಒಂಬತ್ತು ಬಾಲಗ್ರಹಗಳನ್ನು ಹೆಸರಿಸಿ ಎಣಿಸಿದೆ. ಆದರೆ ಈ ಆಚಾರ್ಯರೆಲ್ಲರೂ ರೋಗದ ಅಧಿಷ್ಠಾನವು ಒಂದು ದೇಹವೆಂದೇ ಭಾವಿಸಿದರು. ಒಂದೇ ಸೂರಿನಡಿ, ಒಂದೇ ಟವೆಲ್ಲಿಗೆ ಮುಖವೊರಸುವ ಮೂರು ದೇಹಗಳಿರುವಲ್ಲಿ ಈ ಮತವು ನಿಲ್ಲುವುದಿಲ್ಲ. ಅಲ್ಲಿ ರೋಗವು ಮಗುವಿನ ಧರ್ಮವಲ್ಲ, ಮನೆಯ ಧರ್ಮ. ಮಕ್ಕಳು ಅದರ ಅಭಿವ್ಯಕ್ತಿಸ್ಥಾನಗಳು ಮಾತ್ರ. ಇದೇ ನಮ್ಮ ಸಿದ್ಧಾಂತ.

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳುವುದು ಸಂಪ್ರದಾಯ. ವಿಷಯ: ಗೃಹದಲ್ಲಿ ರುಜೆಗಳ ಅವಿಚ್ಛಿನ್ನ ಪರಂಪರೆ. ಪ್ರಯೋಜನ: ನಿವಾರಣೆಯಲ್ಲ, ನಿರೀಕ್ಷೆ, ಮುಂದಿನದು ಯಾವುದು, ಯಾರಿಗೆ ಎಂಬ ಜ್ಞಾನ. ಅಧಿಕಾರಿ: ಹತ್ತು ವರ್ಷದೊಳಗಿನ ಕನಿಷ್ಠ ಎರಡು ಮಕ್ಕಳುಳ್ಳವನು. ಏಕಶಿಶುಕರಿಗೆ ಇಲ್ಲಿ ಶ್ರವಣಾಧಿಕಾರವುಂಟು, ವಾದಾಧಿಕಾರವಿಲ್ಲ. ಸಂಬಂಧವು ಸ್ಪಷ್ಟವಾದುದರಿಂದ ವಿವರಿಸುವುದಿಲ್ಲ.

ಸಂಚಾರಕ್ರಮವನ್ನು ಅನುಸರಿಸಿ ರುಜೆಯು ಮೂರು ವಿಧ. ಒಂದನೆಯದು ಯುಗಪತ್: ಎಲ್ಲರಿಗೂ ಒಟ್ಟಿಗೆ. ವಾಂತಿಭೇದಿ ಇದರ ಉತ್ತಮೋದಾಹರಣೆ. ಇದು ಶೀಘ್ರವಾಗಿ ಬಂದು ಶೀಘ್ರವಾಗಿ ಹೋಗುವುದರಿಂದಲೂ, ಬಕೆಟ್ಟುಗಳ ಸಂಖ್ಯೆಯೊಂದನ್ನುಳಿದು ಬೇರೆ ತಾತ್ತ್ವಿಕ ಸಮಸ್ಯೆಯನ್ನು ಒಡ್ಡದಿರುವುದರಿಂದಲೂ ಇಲ್ಲಿ ಉಪೇಕ್ಷಿತ.

ಎರಡನೆಯದು ಕ್ರಮಿಕ. ಶಾಸ್ತ್ರದ ಪ್ರಾಣವಿರುವುದು ಇಲ್ಲಿಯೇ. ಸೀತಾಳೆ ಸಿಡುಬನ್ನು ದೃಷ್ಟಾಂತವಾಗಿ ಸ್ವೀಕರಿಸೋಣ. ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದಕ್ಕೆ ಸ್ಥಾನವಿಲ್ಲದಿರುವುದರಿಂದ ದೃಷ್ಟಾಂತಗಳು ಪ್ರತಿ ಬೀದಿಯಲ್ಲೂ ಸುಲಭ. ಇದರ ಗರ್ಭಕಾಲ ೧೦ರಿಂದ ೨೧ ದಿನ. ಬೊಕ್ಕೆ ಕಾಣಿಸುವುದಕ್ಕೆ ಒಂದೆರಡು ದಿನ ಮೊದಲೇ ಅದು ಅಂಟತೊಡಗುತ್ತದೆ. ಆದ್ದರಿಂದ ಹಿರಿಯ ಮಗುವಿನ ಬೆನ್ನಮೇಲೆ ಮೊದಲ ಬೊಕ್ಕೆಯನ್ನು ಕಂಡು, ‘ಅಮ್ಮ ಬಂದಿದ್ದಾಳೆ’ ಎಂದು ಘೋಷಿಸಿ, ಬೇವಿನ ಸೊಪ್ಪನ್ನು ಹಾಸಿ, ತಮ್ಮತಂಗಿಯರನ್ನು ಬೇರೆ ಕೋಣೆಗೆ ಅಟ್ಟುವ ಪೃಥಕ್ಕರಣವೆಂಬ ಕ್ರಿಯೆಯು ಸರ್ವದಾ ಕಾಲಾತೀತ. ಆದರೂ ಅದನ್ನು ಶ್ರದ್ಧೆಯಿಂದ ಮಾಡತಕ್ಕದ್ದು. ನಿತ್ಯಕರ್ಮಗಳಿಗೆ ಫಲಾಪೇಕ್ಷೆ ಕೂಡದು. ಸುಮಾರು ಎರಡು ವಾರಗಳ ಬಳಿಕ, ಮೊದಲನೆಯವನು ಹುರುಪೆಗಳನ್ನು ಕಳಚಿಕೊಂಡು ಶಾಲೆಗೆ ಹೊರಟ ಬೆಳಗ್ಗೆಯೇ, ಎರಡನೆಯವಳು ಹೊಟ್ಟೆಯನ್ನು ತೋರಿಸುತ್ತಾಳೆ. ಮನೆಯೊಳಗೇ ಅಂಟಿಸಿಕೊಂಡವರಿಗೆ ಬೊಕ್ಕೆಗಳು ಮೊದಲನೆಯವರಿಗಿಂತ ಹೆಚ್ಚು ಎಂಬುದು ವೈದ್ಯಸಮ್ಮತ. ಮೂರನೆಯವನು ಮೊದಲನೆಯವನಿಂದ ಪಡೆದರೆ ಪರಂಪರೆಯು ಇಲ್ಲಿಗೆ ಸಂಕ್ಷೇಪಗೊಳ್ಳುತ್ತದೆ. ಎರಡನೆಯವಳಿಂದ ಪಡೆದರೆ ಇನ್ನೆರಡು ವಾರ ವಿಸ್ತಾರಗೊಳ್ಳುತ್ತದೆ. ಮೊದಲ ಬೊಕ್ಕೆಯಿಂದ ಕಡೆಯ ಹುರುಪೆಯವರೆಗಿನ ಈ ಐದು ವಾರಗಳ ಅವಧಿಗೆ ‘ಗೃಹಸೂತಕ’ವೆಂದು ಹೆಸರು. ಈ ಕಾಲದಲ್ಲಿ ಬರುವ ಮದುವೆ ಕರೆಯೋಲೆಗಳನ್ನು ಗೋಡೆಗೆ ಒರಗಿಸಿಡುವುದು ಶಿಷ್ಟಾಚಾರ.

ಮೂರನೆಯದು ಚಕ್ರೀಯ, ಅರ್ಥಾತ್ ನೆಗಡಿ. ಶಾಲೆಗೆ ಹೋಗುವ ವಯಸ್ಸಿಗೆ ಮುನ್ನ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ನೆಗಡಿ ಸಹಜ. ನೆಗಡಿಯೊಂದಕ್ಕೆ ಹತ್ತು ದಿನದ ಆಯುಸ್ಸು. ತ್ರಿಶಿಶುಕ ಗೃಹದಲ್ಲಿ ಎಂಟನ್ನು ಮೂರರಿಂದ ಗುಣಿಸಿದರೆ ೨೪. ಅದನ್ನು ಹತ್ತರಿಂದ ಗುಣಿಸಿದರೆ ೨೪೦ ದಿನ. ಎರಡು ಮೂಗುಗಳು ಒಟ್ಟಿಗೆ ಸುರಿಯುವ ದಿನಗಳನ್ನು ಕಳೆಯಬೇಕೆಂದು ಪೂರ್ವಪಕ್ಷಿಯು ವಾದಿಸಬಹುದು. ಅಂಥ ದಿನವು ದ್ವಿಗುಣ ದೀರ್ಘವಾಗಿರುವುದರಿಂದ ಲೆಕ್ಕವು ಸಮವೇ. ವರ್ಷದಲ್ಲಿ ಉಳಿದ ೧೨೫ ದಿನಗಳನ್ನು ಶೇಷಕಾಲವೆನ್ನುತ್ತೇವೆ. ಅದು ನಿರುಪಯುಕ್ತವಾಗಬಾರದೆಂದು ಪ್ರಕೃತಿಯು ಆಘಾತಗಳನ್ನು ಕಲ್ಪಿಸಿದೆ.

ಆಘಾತವು ಕಾರಣಭೇದದಿಂದ ಚತುರ್ವಿಧ: ೧. ಪತನಜ, ೨. ದ್ವಾರಜ, ೩. ನಿಕ್ಷೇಪಜ, ೪. ಸ್ನೇಹಜ. ಮಂಚ, ಮೆಟ್ಟಿಲು, ಪೇರಲೆಮರಗಳಿಂದ ಉಂಟಾಗುವುದು ಪತನಜ. ಬಾಗಿಲ ಸಂದಿಯಲ್ಲಿ ಬೆರಳಿಟ್ಟವರಿಗೂ ಬಾಗಿಲನ್ನು ಹಾಕಿದವರಿಗೂ ನಡುವಿನ ವಿವಾದವೇ ಪ್ರಧಾನವಾಗಿ, ಬೆರಳು ಗೌಣವಾಗಿರುವುದು ದ್ವಾರಜ. ಮೂಗಿನೊಳಕ್ಕೆ ಹುಣಸೆಬೀಜವನ್ನೋ ಕಡಲೆಯನ್ನೋ ಸೇರಿಸುವುದು ನಿಕ್ಷೇಪಜ. ಇದರಲ್ಲಿ ಗುಂಡಿಯಾಕಾರದ ಬ್ಯಾಟರಿಯೊಂದು ಮಾತ್ರ ಶಾಸ್ತ್ರಬಾಹ್ಯ: ಅದನ್ನು ನುಂಗಿದರೂ ಮೂಗಿಗಿಟ್ಟರೂ ವರ್ಗೀಕರಣವನ್ನು ಅಲ್ಲಿಯೇ ಬಿಟ್ಟು ಆಸ್ಪತ್ರೆಗೆ ಓಡತಕ್ಕದ್ದು.

ಸ್ನೇಹಜವು ಸೂಕ್ಷ್ಮವಾದುದರಿಂದ ವಿಸ್ತಾರಾರ್ಹ. ಪ್ರೀತ್ಯತಿಶಯದಿಂದ ಸೋದರಮಾವನು ಎರಡು ವರ್ಷದ ಮಗುವಿನ ಕೈಗಳನ್ನು ಹಿಡಿದು ಗಿರಗಿರನೆ ತಿರುಗಿಸುತ್ತಾನೆ. ಮೊಣಕೈಯಲ್ಲಿ ಮೂಳೆಯ ತಲೆಯನ್ನು ಬಳಸಿರುವ ಉಂಗುರದಂಥ ಕಟ್ಟು ಆ ವಯಸ್ಸಿನಲ್ಲಿ ಸಡಿಲವಾಗಿರುವುದರಿಂದ ಜಾರುತ್ತದೆ. ಬಾವಿಲ್ಲ, ಗಾಯವಿಲ್ಲ, ಕೈಯೊಂದು ಮಾತ್ರ ಪಕ್ಕಕ್ಕೆ ತೂಗುಬಿದ್ದಿದೆ, ಮಗು ಅದನ್ನು ಎತ್ತಲೊಲ್ಲದು. ಮನೆಯವರು ಮೂಳೆ ಮುರಿದಿದೆಯೆಂದು ನಿಶ್ಚಯಿಸಿ, ಪ್ಲಾಸ್ಟರಿಗೆ ಮಾನಸಿಕವಾಗಿ ಸಿದ್ಧರಾಗಿ, ಆಟೋ ಹಿಡಿಯುತ್ತಾರೆ. ವೈದ್ಯರು ವಿಚಾರಿಸುತ್ತಲೇ ಮುಂಗೈಯನ್ನು ತಿರುಗಿಸಿ ಮಡಿಸುತ್ತಾರೆ; ‘ಟಿಕ್’ ಎನ್ನುತ್ತದೆ; ಸ್ವಲ್ಪ ಹೊತ್ತಿಗೆ ಮಗು ಅದೇ ಕೈಯಿಂದ ಮೇಜಿನ ಮೇಲಿನ ಪೆಪ್ಪರಮಿಂಟನ್ನು ತೆಗೆದುಕೊಳ್ಳುತ್ತದೆ. ಇಷ್ಟು ಅಲ್ಪಕಾಲದಲ್ಲಿ ಗುಣವಾದುದಕ್ಕೆ ಇಷ್ಟು ಶುಲ್ಕವೇ ಎಂಬ ಪ್ರಶ್ನೆಯು ಹಿಂತಿರುಗುವ ಆಟೋದಲ್ಲಿ ಉದ್ಭವಿಸುತ್ತದೆ. ಅದು ಅರ್ಥಶಾಸ್ತ್ರಕ್ಕೆ ಸೇರಿದ್ದು.

ಇನ್ನು ಪ್ರಮಾಣವಿಚಾರ. ಜ್ವರವನ್ನು ಅರಿಯುವ ಸಾಧನಗಳು ಮೂರು: ಅಜ್ಜಿಯ ಹಿಂಗೈ, ತಾಯಿಯ ಕೆನ್ನೆ, ತಂದೆಯ ಥರ್ಮಾಮೀಟರು. ಜರ್ಮನಿಯ ವುಂಡರ್‌ಲಿಖ್ ೧೮೬೮ರ ತನ್ನ ಗ್ರಂಥದಲ್ಲಿ ಸ್ವಸ್ಥದೇಹದ ತಾಪವು ೩೭ ಡಿಗ್ರಿ ಸೆಲ್ಸಿಯಸ್ ಎಂದು ಪ್ರತಿಷ್ಠಾಪಿಸಿದನು. ಆ ದುಂಡು ಅಂಕಿಯೇ ಫ್ಯಾರನ್‌ಹೀಟಿಗೆ ತಿರುಗಿ, ೯೮.೬ ಎಂಬ ದಶಾಂಶಗಾಂಭೀರ್ಯವನ್ನು ಪಡೆದು, ನಮ್ಮ ತಂದೆಯರನ್ನು ಆಳುತ್ತಿದೆ. ವೈದ್ಯರು ೧೦೦.೪ನ್ನು ಮುಟ್ಟಿದಾಗ ಜ್ವರವೆನ್ನುತ್ತಾರೆ. ಇವೆರಡರ ನಡುವಿನದು ಸಂದಿಗ್ಧದೇಶ. ಪರೀಕ್ಷೆಯ ದಿನದ ಬೆಳಗಿನ ತಾಪವೆಲ್ಲವೂ ಇಲ್ಲಿಯೇ ನೆಲೆಸಿ, ಶಾಲಾವಾಹನವು ಹಾರ್ನ್ ಮಾಡಿ ಹೋದ ಮೇಲೆ ೯೮.೬ಕ್ಕೆ ಮರಳುತ್ತದೆ.

ದೃಷ್ಟಿನಿರ್ಣಯದಲ್ಲಿ ಅಜ್ಜಿಯು ಅನುಪಲಬ್ಧಿಪ್ರಮಾಣವನ್ನು ಬಳಸುತ್ತಾಳೆ. ನಿವಾಳಿಸಿದ ಒಣಮೆಣಸಿನಕಾಯಿಯನ್ನು ಬೆಂಕಿಗೆ ಹಾಕಿದಾಗ ಘಾಟು ಬಾರದಿದ್ದರೆ ದೃಷ್ಟಿಯಾಗಿತ್ತೆಂದು ಸಿದ್ಧ. ಘಾಟಿಗೆ ಲಿಂಗವು ಕೆಮ್ಮು. ಮಕ್ಕಳು ಮೊದಲೇ ಕೆಮ್ಮುತ್ತಿರುವುದರಿಂದ ಹೇತುವು ಅನೈಕಾಂತಿಕವೆಂದು ನಾವು ಒಮ್ಮೆ ಆಕ್ಷೇಪಿಸಿದೆವು. ನಮ್ಮನ್ನೂ ಕೂರಿಸಿ ನಿವಾಳಿಸಲಾಯಿತು.

ಔಷಧನಿರಾಕರಣವು ತ್ರಿವಿಧ. ಹಲ್ಲುಗಳನ್ನು ಬಿಗಿಹಿಡಿಯುವುದು ದಂತಾರ್ಗಲ. ಬಾಯಲ್ಲಿಟ್ಟುಕೊಂಡು ನುಂಗದೆ ಕೂರುವುದು ಗಂಡೂಷ. ಆಯುರ್ವೇದದಲ್ಲಿ ಇದು ವಿಹಿತಕ್ರಿಯೆ, ಇಲ್ಲಿ ದೋಷ. ಕೊಟ್ಟವರ ಅಂಗಿಗೇ ಹಿಂದಿರುಗಿಸುವುದು ಪ್ರತ್ಯರ್ಪಣ. ಹಿಂದಿರುಗಿದ ಪ್ರಮಾಣವೆಷ್ಟೆಂದು ಅಂಗಿಯ ಕಲೆಯಿಂದ ಅನುಮಾನಿಸುವ ವಿದ್ಯೆಯು ಇನ್ನೂ ಬಾಲ್ಯಾವಸ್ಥೆಯಲ್ಲಿದೆ. ಪ್ಯಾರಾಸಿಟಮಾಲ್ ಸಿರಪ್ಪಿನ ಅಳತೆಯು ತೂಕವನ್ನವಲಂಬಿಸಿದೆ. ಒದ್ದಾಡುವ ಮಗುವನ್ನು ಎತ್ತಿಕೊಂಡು ತಂದೆಯು ತಕ್ಕಡಿಯೇರಿ, ಬಳಿಕ ತನ್ನ ತೂಕವನ್ನು ಕಳೆಯಬೇಕು. ಆತನ ತೂಕವು ಹೆಂಡತಿಗೆ ಮೊದಲ ಬಾರಿಗೆ ತಿಳಿಯುವುದು ಈ ಪ್ರಸಂಗದಲ್ಲಿ. ಇನ್ನು ದತ್ತಾದತ್ತಸಂಶಯ: ನಡುರಾತ್ರಿ ಎರಡಕ್ಕೆ ಔಷಧ ಕೊಟ್ಟದ್ದು ಯಾರಿಗೆ? ನಾಲ್ಕರಿಂದ ಆರು ಗಂಟೆಯ ಅಂತರವು ಅಲಂಘ್ಯವಾದುದರಿಂದ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಗುರುತು ಹಾಕತಕ್ಕದ್ದು. ‘ಅರ್ಧ, ೨, ಚಿಕ್ಕವನು’ ಎಂಬ ಲಿಪಿಯನ್ನು ತಿಂಗಳ ಕೊನೆಗೆ ಹಾಲಿನವನು ಅರ್ಧ ಲೀಟರೆಂದು ಓದುವನು.

ಕೊನೆಯದಾಗಿ ಮಾತೃಜ್ವರದ ಅಸ್ತಿತ್ವವಿಚಾರ. ಪೂರ್ವಪಕ್ಷ: ತಾಯಿಗೆ ಜ್ವರವಿಲ್ಲ, ಪ್ರಮಾಣಾಭಾವದಿಂದ. ಅಜ್ಜಿಯ ಹಿಂಗೈ ಮೊಮ್ಮಕ್ಕಳ ಹಣೆಗಳಲ್ಲಿ ವ್ಯಾಪೃತವಾಗಿದೆ. ತಾಯಿಯ ಕೆನ್ನೆಯು ತನ್ನ ತಾಪವನ್ನು ತಾನೇ ಅಳೆಯಲಾರದು. ಥರ್ಮಾಮೀಟರು ಚಿಕ್ಕವನ ಕಂಕುಳಲ್ಲಿದೆ. ಸಿದ್ಧಾಂತ: ಅಸ್ತಿತ್ವವುಂಟು, ಕಾರ್ಯಲಿಂಗದಿಂದ, ಗಂಜಿಗೆ ಎರಡು ಸಲ ಉಪ್ಪು ಬಿದ್ದಿದೆ. ಪೂರ್ವಪಕ್ಷಿಯ ಮರುಪ್ರಶ್ನೆ: ಉಪ್ಪು ಹಾಕಿದವನು ತಂದೆಯೂ ಆಗಿರಬಹುದಲ್ಲವೇ? ಆತನು ಅಡುಗೆಮನೆಯನ್ನು ಪ್ರವೇಶಿಸಿದ್ದಕ್ಕೆ ಸಾಕ್ಷಿಗಳಿಲ್ಲದಿರುವುದರಿಂದ ಆಕ್ಷೇಪವು ನಿರಸ್ತ.