ರೊಟ್ಟಿ ಒಲ್ಲದ ಸಾಹೇಬರು

ವಿಜಯಪುರದ ಖಾನಾವಳಿಗಳಿಗೆ ಈಚೆಗೆ ಹೊಸ ಬಗೆಯ ಗಿರಾಕಿಯೊಬ್ಬ ಬರತೊಡಗಿದ್ದಾನೆ: ಧಾನ್ಯ ಬಿಟ್ಟವನು. ಅಕ್ಕಿ, ಗೋಧಿ ಬಿಟ್ಟಿದ್ದರೆ ಈ ಊರು ಕೇಳುತ್ತಿರಲಿಲ್ಲ. ಈತ ಜೋಳವನ್ನೂ ಬಿಟ್ಟಿದ್ದಾನೆ, ಅದೂ 'ಡೋಣಿ ಹರಿದರೆ ಓಣಿಯೆಲ್ಲ ಜೋಳ' ಎನ್ನುವ ಸೀಮೆಯಲ್ಲಿ. ತಾಟು ಬರುವ ಮೊದಲೇ ಅಂಗೈ ಅಡ್ಡ ಹಿಡಿದು "ರೊಟ್ಟಿ ಒಲ್ಲೆ" ಎನ್ನುತ್ತಾನೆ. "ಯಾಕ್ರೀ ಸಾಹೇಬ್ರ, ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಬಡಿಸುವ ಹುಡುಗ ಕಳಕಳಿಯಿಂದ ಕೇಳಿದರೆ ಇನ್ಸುಲಿನ್ ಮೇಲೆ ಉಪನ್ಯಾಸ ಶುರು. ಪಕ್ಕದವರ ಬಿಸಿ ರೊಟ್ಟಿ ಆರುವವರೆಗೂ ಅದು ಮುಗಿಯುವುದಿಲ್ಲ. ಝುಣಕದ ಕಡಲೆಹಿಟ್ಟು ಪಥ್ಯಕ್ಕೆ ಸಲ್ಲುತ್ತದೋ ಇಲ್ಲವೋ ಎಂಬ ಜಿಜ್ಞಾಸೆ ಮಾತ್ರ ಝುಣಕದ ಬಟ್ಟಲು ಖಾಲಿಯಾದ ಮೇಲೆ ಹುಟ್ಟುತ್ತದೆ.

ಪಥ್ಯ ಅವನವನದು, ಲೆಕ್ಕ ಎಲ್ಲರದು. ಖಾನಾವಳಿಯ ಊಟದ ದರ ನಿಂತಿರುವುದೇ ರೊಟ್ಟಿಯ ಮೇಲೆ. ಹೊಟ್ಟೆ ತುಂಬುವುದು ರೊಟ್ಟಿಯಿಂದ, ಪಲ್ಯೆ ಹಚ್ಚಿಕೊಳ್ಳಲಿಕ್ಕೆ. ಆ ಧೈರ್ಯದ ಮೇಲೆಯೇ ಮಾಲೀಕ ಪಲ್ಯೆಯನ್ನು ಕೇಳಿದಷ್ಟು ಬಡಿಸುತ್ತಾನೆ. ರೊಟ್ಟಿ ಒಲ್ಲದವನ ಹೊಟ್ಟೆಯೋ ಬದನೆಕಾಯಿ ಎಣಗಾಯಿ, ಮಡಿಕಿ ಕಾಳು, ಗಟ್ಟಿ ಮೊಸರಿನಿಂದಲೇ ತುಂಬಬೇಕು. ಶೇಂಗಾ ಹಿಂಡಿಯನ್ನು ಚಮಚದಿಂದ ತಿನ್ನುವವನನ್ನು ಈ ಊರು ಮೊದಲು ಕಂಡಿರಲಿಲ್ಲ. (ಬೇರೆಯವರ ಬಟ್ಟಲು ಎಣಿಸುವುದು ಸಭ್ಯರ ಲಕ್ಷಣವಲ್ಲ, ಒಪ್ಪುತ್ತೇನೆ, ಆದರೂ ನಾಲ್ಕನೆಯ ಎಣಗಾಯಿ ಕಣ್ಣಿಗೆ ಬೀಳದೆ ಹೋಗುವುದು ಕಷ್ಟ.) ಇಷ್ಟಾಗಿ, ರೊಟ್ಟಿ ಉಳಿಸಿಕೊಟ್ಟು ಮಾಲೀಕನಿಗೆ ಉಪಕಾರ ಮಾಡಿದೆನೆಂಬ ಭಾವ ಆತನ ಮುಖದ ಮೇಲೆ.

ಸಕ್ಕರೆ ಕಾಯಿಲೆಗೆ ಡಾಕ್ಟರೇ ಹೇಳಿರಬಹುದಲ್ಲ ಎನ್ನಬಹುದು. ಡಾಕ್ಟರಿಗೆ ಅಂಜಿದವರು ಒಂದೇ ರೊಟ್ಟಿ ಸಾಕೆಂದು ತಣ್ಣಗೆ ಉಂಡೇಳುತ್ತಾರೆ. ಈತ ತಿಕೋಟಾದ ಒಣದ್ರಾಕ್ಷಿಯನ್ನು ಮುಷ್ಟಿಗಟ್ಟಲೆ ಮುಕ್ಕುತ್ತಾನೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ, ಆದರೆ ಧಾನ್ಯವಲ್ಲವಲ್ಲ! ಗ್ಲುಟೆನ್ ಆಗದವರ ಕಷ್ಟ ನಿಜವಾದದ್ದು. ಅದು ಇರುವುದು ಗೋಧಿ, ಬಾರ್ಲಿಗಳಲ್ಲಿ, ಜೋಳದಲ್ಲಿ ಇಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿ ಜಗತ್ತೆಲ್ಲ ಜೋಳದ ಗುಣಗಾನ ಮಾಡಿದ್ದೂ ಆಯಿತು, ಜೋಳದ ನಾಡಿನವನಿಗೆ ಮಾತ್ರ ಅದು ಬೇಡವಾಯಿತು. ಹಿರಿಯರೂ ಏಕಾದಶಿಗೆ ಧಾನ್ಯ ಬಿಡುತ್ತಿದ್ದರಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಬಿಡುತ್ತಿದ್ದರು ಹೌದು, ಸಾಬೂದಾಣಿ, ಶೇಂಗಾ ತಿಂದು ಮನೆಯಲ್ಲೇ ಇರುತ್ತಿದ್ದರು, ಖಾನಾವಳಿಗೆ ಬಂದು ಸಾರುತ್ತಿರಲಿಲ್ಲ. ದ್ವಾದಶಿಯ ದಿನ ಬಾಕಿಯನ್ನು ಬಡ್ಡಿ ಸಮೇತ ತೀರಿಸುತ್ತಿದ್ದರು.

ಆದರೂ ಆತನ ಮೇಲೆ ಕನಿಕರ ಬರುತ್ತದೆ. ಬಬಲೇಶ್ವರದ ದಾರಿಯಲ್ಲಿ, ಸಾರವಾಡದ ಡೋಣಿ ಸೇತುವೆಯ ಆಚೀಚೆ, ಎರಿ ಹೊಲಗಳಲ್ಲಿ ಬಿಳಿಜೋಳದ ತೆನೆಗೆ ಹಾಲು ತುಂಬಿ ಸೀತನಿ ಸುಡುವ ಹೊತ್ತಿಗೆ, ಹಸಿಕಾಳು ತರಕಾರಿಯೇ ಎಂದು ಆತ ತನಗೆ ತಾನೇ ಅಪ್ಪಣೆ ಕೊಟ್ಟುಕೊಳ್ಳುತ್ತಾನೆ. ನಾಲಗೆ ಇನ್ನೂ ಇಲ್ಲಿಯದೇ. ಖಾನಾವಳಿಯಲ್ಲಿ ಪೇಟೆಗೆ ಬಂದ ರೈತನಿಗೂ ಕಚೇರಿಯ ಸಾಹೇಬನಿಗೂ "ಇನ್ನೊಂದು ಹಾಕಿಸ್ಕೊಳ್ರಿ" ಎಂಬ ಒತ್ತಾಯ ಒಂದೇ. ರೊಟ್ಟಿಯ ಬುಟ್ಟಿ ಆತನ ತಾಟನ್ನು ಮಾತ್ರ ದಾಟಿ ಮುಂದೆ ಹೋಗುತ್ತದೆ. ಹುಡುಗನಿಗೆ ಅಲ್ಲಿ ಏನು ಹೇಳಬೇಕೆಂದೇ ತಿಳಿಯುವುದಿಲ್ಲ. ಮಾಲೀಕರು ಮಾಡಬಹುದಾದದ್ದು ಒಂದೇ: ಎರಡನೆಯ ಬಟ್ಟಲಿನಿಂದ ಪಲ್ಯೆಗೆ ಇಷ್ಟೆಂದು ದರ ಬರೆದು ಗೋಡೆಗೆ ಹಚ್ಚುವುದು. ಹಚ್ಚಿದ ದಿನವೇ ಆತ "ಖಡಕ್ ಇದ್ರ ಅರ್ಧ ನಡೀತದ" ಎಂದಾನು.